ಉಸಿರಿಗೆ ತಕ್ಕ ಕೊಳಲು

ಜಾತ್ರೆಯ ಬೀದಿಯಲ್ಲಿ ಕೊಳಲು ಮಾರುವವನು ಬಂದನೆಂದರೆ ಮಕ್ಕಳ ಗುಂಪು ತಾನಾಗಿಯೇ ಅವನ ಹಿಂದೆ ಹೊರಡುತ್ತದೆ. ಉದ್ದನೆಯ ಕೋಲಿಗೆ ಹತ್ತಾರು ಕೊಳಲುಗಳನ್ನು ಸಿಕ್ಕಿಸಿಕೊಂಡು, ಒಂದನ್ನು ತುಟಿಗಿಟ್ಟು, ಎಲ್ಲರೂ ಬಲ್ಲ ಹಾಡೊಂದನ್ನು ನುಡಿಸುತ್ತ ಅವನು ಸಾಗುವಾಗ ಆ ನಾದವು ಎಷ್ಟು ಸುಲಭವಾಗಿ ಹೊರಡುತ್ತಿರುವಂತೆ ತೋರುತ್ತದೆ! ಆರು ವರ್ಷದ ಬಾಲಕನೊಬ್ಬ ತಂದೆಯನ್ನು ಕಾಡಿ ಬೇಡಿ ಅಡ್ಡ ಹಿಡಿದು ಊದುವ ಕೊಳಲೊಂದನ್ನು ಕೊಡಿಸಿಕೊಳ್ಳುತ್ತಾನೆ. ಮನೆಗೆ ಬಂದು ಊದಿದರೆ ಸುಯ್ಯೆಂಬ ಗಾಳಿಯ ಸದ್ದಲ್ಲದೆ ಬೇರೇನೂ ಇಲ್ಲ. ಕೆನ್ನೆಯುಬ್ಬಿಸಿ ಊದುತ್ತಾನೆ, ಮುಖ ಕೆಂಪೇರುತ್ತದೆ, ತಲೆ ಸುತ್ತುತ್ತದೆ, ಕೊಳಲು ಮಾತ್ರ ನುಡಿಯುವುದಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ಅದು ಅಟ್ಟದ ಮೂಲೆಯನ್ನು ಸೇರುತ್ತದೆ. "ನಮ್ಮ ಹುಡುಗನಿಗೆ ಸಂಗೀತ ಒಲಿಯುವಂಥದಲ್ಲ" ಎಂದು ಹಿರಿಯರು ತೀರ್ಪು ಕೊಡುತ್ತಾರೆ. ಹುಡುಗನೂ ಅದನ್ನು ನಂಬುತ್ತಾನೆ. ಮುಂದೆ ಅವನು ಎಷ್ಟು ವರ್ಷ ಬದುಕಿದರೂ ಇನ್ನೊಂದು ವಾದ್ಯವನ್ನು ಮುಟ್ಟದೆ ಹೋಗಬಹುದು.

ಈ ತೀರ್ಪು ಬಹಳ ಸಲ ತಪ್ಪಾಗಿರುತ್ತದೆ. ದೋಷವು ಹುಡುಗನ ಕಿವಿಯಲ್ಲಿಯೂ ಇರಲಿಲ್ಲ, ಬುದ್ಧಿಯಲ್ಲಿಯೂ ಇರಲಿಲ್ಲ. ಅವನ ಮುಂದಿನ ಹಲ್ಲುಗಳೆರಡು ಆಗತಾನೆ ಬಿದ್ದಿದ್ದವು. ಕೊಳಲಿನ ರಂಧ್ರಗಳು ಅವನ ಬೆರಳುಗಳಿಗೆ ಎಟುಕುವಂತಿರಲಿಲ್ಲ. ಹೇಗೆ ಊದಬೇಕೆಂದು ತೋರಿಸಿಕೊಡುವವರೂ ಇರಲಿಲ್ಲ. ಒಂದೆರಡು ವರ್ಷಗಳ ನಂತರ, ಗಿಡ್ಡನೆಯ ಕೊಳಲೊಂದು ಅವನ ಕೈಗೆ ಬಂದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. ಊದುವ ವಾದ್ಯವನ್ನು ಮಗು ಯಾವ ವಯಸ್ಸಿನಲ್ಲಿ ಕಲಿಯತೊಡಗಬೇಕೆಂಬ ಪ್ರಶ್ನೆ ಅದಕ್ಕಾಗಿಯೇ ಮುಖ್ಯವಾಗುತ್ತದೆ.

ಭರತಮುನಿಯ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ತಂತಿಯುಳ್ಳ ವೀಣೆ ತತ. ಚರ್ಮ ಬಿಗಿದ ಮೃದಂಗ ಅವನದ್ಧ. ತಾಳ, ಗಂಟೆಗಳು ಘನ. ಗಾಳಿಯಿಂದ ನುಡಿಯುವ ಕೊಳಲು, ನಾಗಸ್ವರ, ಶಂಖಗಳು ಸುಷಿರ. ಸುಷಿರವೆಂದರೆ ರಂಧ್ರವುಳ್ಳದ್ದು ಎಂದರ್ಥ. ಈ ಶಾಸ್ತ್ರವನ್ನು ಓದದ ಹಳ್ಳಿಯ ಮಕ್ಕಳಿಗೂ ಸುಷಿರವಾದ್ಯದ ಗುಟ್ಟು ತಕ್ಕಮಟ್ಟಿಗೆ ಗೊತ್ತಿರುತ್ತದೆ. ಪೆನ್ನಿನ ಮುಚ್ಚಳವನ್ನು ತುಟಿಯ ಕೆಳಗಿಟ್ಟು ಊದಿ ಸಿಳ್ಳು ಹೊರಡಿಸುವ ಹುಡುಗ ಕೊಳಲಿನ ತತ್ತ್ವವನ್ನೇ ಬಳಸುತ್ತಾನೆ. ತೆಂಗಿನ ಗರಿಯನ್ನು ಸುರುಳಿ ಸುತ್ತಿ ಪೀಪಿ ಮಾಡಿ ಊದುವ ಹುಡುಗಿ ನಾಗಸ್ವರದ ತತ್ತ್ವವನ್ನು ಬಳಸುತ್ತಾಳೆ. ಆ ಪೀಪಿ ಒಂದು ಗಳಿಗೆಯಲ್ಲಿ ಬಾಡಿಹೋಗುವುದೇನೋ ನಿಜ. ಆದರೆ ಅದನ್ನು ಊದುವಾಗ ತುಟಿಯು ಕಲಿತ ಬಿಗಿ ಬಾಡುವುದಿಲ್ಲ.

ಸುಷಿರವಾದ್ಯಕ್ಕೂ ಇತರ ವಾದ್ಯಗಳಿಗೂ ಇರುವ ದೊಡ್ಡ ಅಂತರವೆಂದರೆ ಮೊದಲ ಸ್ವರ ಹುಟ್ಟುವ ಬಗೆ. ಹಾರ್ಮೋನಿಯಮ್ಮಿನ ಮನೆಯೊಂದನ್ನು ಮೂರು ವರ್ಷದ ಮಗು ಒತ್ತಿದರೂ, ತಿದಿಯಲ್ಲಿ ಗಾಳಿಯಿದ್ದರೆ ಸರಿಯಾದ ಸ್ವರವೇ ಬರುತ್ತದೆ. ವೀಣೆಯ ತಂತಿಯನ್ನು ಮೀಟಿದರೆ ಅದು ನುಡಿಯಲೇಬೇಕು. ಕೊಳಲು ಹಾಗಲ್ಲ. ತುಟಿಗಳ ನಡುವಿನ ಸಣ್ಣ ಸೀಳಿನಿಂದ ಹೊರಟ ಗಾಳಿಯು ಊದುರಂಧ್ರದ ಆಚೆಯ ಅಂಚಿಗೆ ತಕ್ಕ ಕೋನದಲ್ಲಿ ಬಡಿಯಬೇಕು. ಬಡಿದು, ಒಮ್ಮೆ ಒಳಕ್ಕೆ ಒಮ್ಮೆ ಹೊರಕ್ಕೆ ಹೊಯ್ದಾಡಿ, ಬಿದಿರಿನೊಳಗಿನ ಗಾಳಿಯ ಕಂಬವನ್ನು ಕಂಪಿಸಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ನಾದವಿಲ್ಲ. ನಾಗಸ್ವರ ಮತ್ತು ಶಹನಾಯಿಗಳಲ್ಲಿ ಒಂದಕ್ಕೊಂದು ಅಂಟಿಕೊಂಡಂತಿರುವ ಪೀಪಿಯ ದಳಗಳನ್ನು ಉಸಿರು ಅದುರಿಸುತ್ತದೆ. ಕ್ಲಾರಿನೆಟ್ ಮತ್ತು ಸ್ಯಾಕ್ಸೊಫೋನುಗಳಲ್ಲಿ ಒಂದೇ ದಳ ಅದುರುತ್ತದೆ. ತುತ್ತೂರಿಯ ಜಾತಿಯ ವಾದ್ಯಗಳಲ್ಲಿ ವಾದಕನ ತುಟಿಗಳೇ ದಳಗಳಾಗುತ್ತವೆ. ಎಂದರೆ ಇಲ್ಲಿ ವಾದ್ಯದ ಅರ್ಧಭಾಗ ಬಿದಿರಿನದೋ ಮರದ್ದೋ ಆದರೆ ಉಳಿದರ್ಧ ಭಾಗ ವಾದಕನ ದೇಹವೇ ಆಗಿರುತ್ತದೆ. ಆ ಅರ್ಧ ಇನ್ನೂ ಬೆಳೆಯುತ್ತಿರುವಾಗ ವಾದ್ಯವು ಪೂರ್ಣವಾಗುವುದಾದರೂ ಹೇಗೆ?

ಮೊದಲು ಹಲ್ಲಿನ ವಿಚಾರ. ಆರು ವರ್ಷದ ಸುಮಾರಿಗೆ ಮಕ್ಕಳ ಹಾಲುಹಲ್ಲುಗಳು ಬೀಳತೊಡಗುತ್ತವೆ. ಮೇಲಿನ ಸಾಲಿನ ನಡುವಿನ ಎರಡು ಸ್ಥಿರದಂತಗಳು ಸಾಮಾನ್ಯವಾಗಿ ಏಳೆಂಟು ವರ್ಷಕ್ಕೂ, ಅವುಗಳ ಪಕ್ಕದವು ಎಂಟೊಂಬತ್ತು ವರ್ಷಕ್ಕೂ ಮೂಡುತ್ತವೆ. ಕ್ಲಾರಿನೆಟ್, ಸ್ಯಾಕ್ಸೊಫೋನುಗಳನ್ನು ನುಡಿಸುವಾಗ ಮೇಲಿನ ಹಲ್ಲುಗಳು ಬಾಯಿತುಂಡಿನ ಮೇಲೆ ಕೂರುತ್ತವೆ. ತುತ್ತೂರಿಯ ಲೋಹದ ಬಟ್ಟಲು ತುಟಿಯ ಮೂಲಕ ಹಲ್ಲುಗಳನ್ನು ಒತ್ತುತ್ತದೆ. ಹಲ್ಲೇ ಇಲ್ಲದೆಡೆ ಅಥವಾ ಅದು ಅಲುಗಾಡುತ್ತಿರುವೆಡೆ ಈ ವಾದ್ಯಗಳನ್ನು ಕಲಿಸಹೊರಟರೆ ಮಗುವಿಗೆ ನೋವು, ಗುರುವಿಗೆ ಬೇಸರ. ಕೊಳಲಿಗೆ ಹಲ್ಲಿನ ಹಂಗು ಇಷ್ಟಿಲ್ಲ. ಆದರೂ ಹಲ್ಲು ಬಿದ್ದ ಬಾಯಿಯಲ್ಲಿ ತುಟಿಯು ಒಂದೇ ನೆಲೆಯಲ್ಲಿ ನಿಲ್ಲದು. ಇಂದು ಕಲಿತದ್ದು ಮುಂದಿನ ತಿಂಗಳು ಹೊಸ ಹಲ್ಲು ಬಂದಾಗ ಬದಲಾಗಿರುತ್ತದೆ.

ಬೆರಳುಗಳದು ಇನ್ನೊಂದು ಕಥೆ. ಪಿಟೀಲು ಕಲಿಯುವ ಚಿಕ್ಕ ಮಕ್ಕಳಿಗಾಗಿ ಅರ್ಧ ಅಳತೆಯ, ಕಾಲು ಅಳತೆಯ ಪಿಟೀಲುಗಳಿವೆ. ಗಾತ್ರ ಕುಗ್ಗಿದರೂ ತಂತಿಯನ್ನು ಹದವಾಗಿ ಬಿಗಿದು ಹಿಂದಿನ ಶ್ರುತಿಯನ್ನೇ ಪಡೆಯಬಹುದು. ಕೊಳಲಿನಲ್ಲಿ ಈ ಅನುಕೂಲವಿಲ್ಲ. ಕೊಳಲನ್ನು ಗಿಡ್ಡ ಮಾಡಿದರೆ ಅದರೊಳಗಿನ ಗಾಳಿಯ ಕಂಬವೂ ಗಿಡ್ಡವಾಗಿ ಶ್ರುತಿ ಏರಿಬಿಡುತ್ತದೆ. ಕರ್ನಾಟಕ ಸಂಗೀತದಲ್ಲಿ ಬಳಕೆಯಲ್ಲಿರುವ ಎಂಟು ರಂಧ್ರಗಳ ಕೊಳಲು ಸಾಮಾನ್ಯವಾಗಿ ಹದಿನೈದು ಅಂಗುಲದ ಆಸುಪಾಸಿನದು; ಏಳೆಂಟು ವರ್ಷದ ಮಗುವಿನ ಬೆರಳುಗಳು ಇದಕ್ಕೆ, ಅಥವಾ ಇದಕ್ಕಿಂತ ತುಸು ಸಣ್ಣದಕ್ಕೆ, ಹೊಂದಿಕೊಳ್ಳಬಲ್ಲವು. ಹಿಂದೂಸ್ತಾನಿ ಸಂಗೀತದ ಬಾನ್ಸುರಿಯ ಮಾತು ಬೇರೆ. ಗಾಯನದ ಗಾಂಭೀರ್ಯವನ್ನು ಕೊಳಲಿನಲ್ಲಿ ತರಬೇಕೆಂದು ಪನ್ನಾಲಾಲ್ ಘೋಷರು (1911–1960) ಸುಮಾರು 32 ಅಂಗುಲ ಉದ್ದದ ಬಾನ್ಸುರಿಯನ್ನು ರೂಪಿಸಿದರು. ಅದರ ಮಂದ್ರಧ್ವನಿಗೆ ಮನಸೋತ ತಂದೆಯೊಬ್ಬನು ಅಂಥದನ್ನೇ ತಂದು ಎಂಟು ವರ್ಷದ ಮಗಳ ಕೈಗಿತ್ತರೆ, ಅದು ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆಯೇ ಸರಿ. ಆಕೆಯ ಉಂಗುರದ ಬೆರಳು ಮುಂದಿನ ರಂಧ್ರವನ್ನು ಮುಟ್ಟುವುದಕ್ಕೇ ಇನ್ನು ನಾಲ್ಕೈದು ವರ್ಷ ಬೇಕಾಗಬಹುದು. ರಂಧ್ರವು ಎಳ್ಳಿನಷ್ಟು ತೆರೆದಿದ್ದರೂ ಗಾಳಿ ಸೋರಿ ಸ್ವರ ಕೆಡುತ್ತದೆ. ಮಗು ಇನ್ನಷ್ಟು ಬಲವಾಗಿ ಊದುತ್ತದೆ. ಸ್ವರ ಇನ್ನಷ್ಟು ಕೆಡುತ್ತದೆ.

ಪಾಶ್ಚಾತ್ಯ ದೇಶಗಳ ಶಾಲೆಗಳಲ್ಲಿ ಈ ತೊಡಕಿಗೆ ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಏಳೆಂಟು ವರ್ಷದ ಮಕ್ಕಳಿಗೆ ಮೊದಲು ರಿಕಾರ್ಡರ್ ಎಂಬ, ತುದಿಯಿಂದ ನೇರವಾಗಿ ಊದುವ ಸಣ್ಣ ಕೊಳಲನ್ನು ಕೊಡುತ್ತಾರೆ. ಗಾಳಿಯನ್ನು ಅಂಚಿಗೆ ಬಡಿಸುವ ಹಾದಿ ಅದರಲ್ಲಿಯೇ ಕೊರೆದಿರುವುದರಿಂದ ಮೊದಲ ದಿನವೇ ಸ್ವರ ಕೇಳಿಸುತ್ತದೆ. ಅಡ್ಡಕೊಳಲನ್ನೇ ಹಿಡಿಯಬಯಸುವ ಚಿಕ್ಕವರಿಗಾಗಿ ತಲೆಯ ಭಾಗವನ್ನು ಬಾಗಿಸಿ ಕೈಗೆ ಹತ್ತಿರ ತಂದ ಲೋಹದ ಕೊಳಲುಗಳೂ ಇವೆ. ಕ್ಲಾರಿನೆಟ್ಟಿನ ಭಾರ ಬಹುಮಟ್ಟಿಗೆ ಬಲಗೈಯ ಹೆಬ್ಬೆರಳಿನ ಮೇಲೆ ಬೀಳುವುದರಿಂದ ಅದನ್ನು ಸಾಮಾನ್ಯವಾಗಿ ಒಂಬತ್ತು, ಹತ್ತು ವರ್ಷ ತುಂಬಿದ ಮೇಲೆ ಕೊಡುತ್ತಾರೆ. ಜಾತ್ರೆಗಳಲ್ಲಿಯೂ ನೇರವಾಗಿ ಊದುವ ಕೊಳಲುಗಳು ಸಿಗುತ್ತವೆ. ಅವು ಆಟಿಕೆಗಳೆಂದು ಸಂಗೀತಗಾರರು ಮೂಗು ಮುರಿಯುವುದುಂಟು. ಶ್ರುತಿ ಸರಿಯಾಗಿದ್ದರೆ ಆ ಆಟಿಕೆಯೇ ಮೊದಲ ಗುರುವಾಗಬಾರದೆಂದೇನೂ ಇಲ್ಲ.

ಇನ್ನು ಉಸಿರು. ಎಂಟು ವರ್ಷದ ಮಗು ಒಮ್ಮೆಗೆ ಪೂರ್ಣವಾಗಿ ಎಳೆದು ಹೊರಬಿಡಬಲ್ಲ ಗಾಳಿ ಸುಮಾರು ಒಂದೂವರೆ ಲೀಟರು. ಬೆಳೆದ ಗಂಡಸಿನಲ್ಲಿ ಅದು ನಾಲ್ಕು ಲೀಟರನ್ನು ಮೀರುವುದುಂಟು. ಎತ್ತರ ಬೆಳೆದಂತೆ ಶ್ವಾಸಕೋಶವೂ ಹಿಗ್ಗುತ್ತದೆ. ಊದಿದರೆ ಎಳೆಯ ಶ್ವಾಸಕೋಶ ಹಾಳಾಗುತ್ತದೆಂದು ಹೆದರುವ ತಾಯಂದಿರಿದ್ದಾರೆ. ಮಿತವಾಗಿ, ಕ್ರಮವಾಗಿ ಊದುವ ಆರೋಗ್ಯವಂತ ಮಗುವಿನ ವಿಷಯದಲ್ಲಿ ಈ ಭಯಕ್ಕೆ ಆಧಾರವಿಲ್ಲ. ಉಬ್ಬಸದಂಥ ತೊಂದರೆಯಿದ್ದಲ್ಲಿ ಮಾತ್ರ ಮೊದಲು ವೈದ್ಯರನ್ನು ಕೇಳಬೇಕು. ಹೊಸದಾಗಿ ಊದುವವರಿಗೆ ಬರುವ ತಲೆಸುತ್ತು ಶಕ್ತಿ ಸಾಲದ್ದರ ಗುರುತಲ್ಲ. ನಾದ ಹೊರಡದೆಂಬ ಆತುರದಲ್ಲಿ ಬೇಗಬೇಗನೆ, ಹೆಚ್ಚುಹೆಚ್ಚಾಗಿ ಉಸಿರಾಡುವುದರಿಂದ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಮಿತಿಮೀರಿ ಹೊರಹೋಗುತ್ತದೆ. ತಲೆಸುತ್ತು ಅದರ ಫಲ. ಕೊಳಲನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರೆ ಅದು ಹೋಗುತ್ತದೆ. ವಾಸ್ತವವಾಗಿ ಸುಷಿರವಾದ್ಯಕ್ಕೆ ಬೇಕಾದದ್ದು ಗಾಳಿಯ ರಾಶಿಯಲ್ಲ, ಗಾಳಿಯ ಮೇಲಿನ ಹಿಡಿತ. ಹೊಟ್ಟೆಯನ್ನು ಸಡಿಲಬಿಟ್ಟು ಆಳವಾಗಿ ಉಸಿರೆಳೆದು, ದೀಪದ ಕುಡಿಯನ್ನು ಆರಿಸದೆ ಬಾಗಿಸಬಲ್ಲಷ್ಟು ಸಣ್ಣಗೆ, ಒಂದೇ ಸಮನೆ ಬಿಡಬಲ್ಲ ಮಗುವಿಗೆ ಒಂದೂವರೆ ಲೀಟರು ಧಾರಾಳವಾಗಿ ಸಾಕು.

ಈ ಹಿಡಿತವನ್ನು ಕಲಿಯಲು ಕೊಳಲೇ ಬೇಕೆಂದಿಲ್ಲ. ಹಾಡಿದರೂ ಅದು ಬರುತ್ತದೆ. ಕೊಳಲಿನ ಗುರುಗಳಲ್ಲಿ ಅನೇಕರು ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳನ್ನು ಮೊದಲು ಬಾಯಿಯಲ್ಲಿ ಹಾಡಿಸಿ, ಅವು ಗಂಟಲಿನಲ್ಲಿ ನೆಲೆಗೊಂಡ ಮೇಲೆಯೇ ಕೊಳಲನ್ನು ಕೈಗೆ ಕೊಡುವುದು ಇದಕ್ಕಾಗಿಯೇ. ಕೊಳಲಿನಲ್ಲಿ ಒಂದೇ ರಂಧ್ರವನ್ನು ಅರೆತೆರೆದು, ತುಟಿಯನ್ನು ತುಸು ಹೊರಳಿಸಿ ಸ್ವರವನ್ನು ಏರಿಳಿಸಬೇಕಾಗುತ್ತದೆ. ಎಲ್ಲಿ ನಿಲ್ಲಬೇಕೆಂಬುದನ್ನು ಹೇಳುವುದು ಬೆರಳಲ್ಲ, ಕಿವಿ. ಹಾಡುಗಾರಿಕೆಯನ್ನು ನಾಲ್ಕೈದು ವರ್ಷಕ್ಕೆ ತೊಡಗಬಹುದಾದ್ದರಿಂದ, ಕೊಳಲಿನ ಕಲಿಕೆಯು ಕೊಳಲನ್ನು ಮುಟ್ಟುವ ಮೂರು ವರ್ಷ ಮೊದಲೇ ಆರಂಭವಾಗಿರುತ್ತದೆಂದು ಹೇಳಬಹುದು.

ನಾಗಸ್ವರ ನುಡಿಸುವ ಮನೆತನಗಳಲ್ಲಿ ಇದಕ್ಕಿಂತಲೂ ಜಾಣತನದ ಒಂದು ಕ್ರಮ ರೂಢಿಯಲ್ಲಿತ್ತು. ದೇವಸ್ಥಾನದ ಉತ್ಸವಕ್ಕೂ ಮದುವೆಯ ಚಪ್ಪರಕ್ಕೂ ಓಲಗದವರು ಹೋಗುವಾಗ ಮನೆಯ ಚಿಕ್ಕ ಹುಡುಗನೂ ಜೊತೆಗೆ ಹೋಗುತ್ತಿದ್ದನು. ಮೊದಲು ಅವನಿಗೆ ತಾಳ ಹಾಕುವ ಕೆಲಸ. ಅದರಿಂದ ಲಯ ಮೈಗೂಡುತ್ತಿತ್ತು. ತುಸು ದೊಡ್ಡವನಾದ ಮೇಲೆ ಶ್ರುತಿ ಹಿಡಿಯುವ ವಾದ್ಯವನ್ನು ಕೊಡುತ್ತಿದ್ದರು. ಒಂದೇ ಸ್ವರವನ್ನು ಗಂಟೆಗಟ್ಟಲೆ ಎಡೆಬಿಡದೆ ಊದಬೇಕು. ನಡುವೆ ಉಸಿರು ಕಡಿಯುವಂತಿಲ್ಲ. ಕೆನ್ನೆಯಲ್ಲಿ ಗಾಳಿಯನ್ನು ತುಂಬಿಟ್ಟುಕೊಂಡು, ಅದನ್ನು ಹೊರನೂಕುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರನ್ನು ಎಳೆದುಕೊಳ್ಳುವ ಕಷ್ಟದ ವಿದ್ಯೆಯನ್ನು ಹುಡುಗನು ಹೀಗೆ ಕಲಿಯುತ್ತಿದ್ದನು. ಪಕ್ಕದಲ್ಲಿ ತಂದೆಯೋ ದೊಡ್ಡಪ್ಪನೋ ನುಡಿಸುವ ರಾಗಗಳೆಲ್ಲ ಪ್ರತಿದಿನವೂ ಕಿವಿಗೆ ಬೀಳುತ್ತಿದ್ದವು. ಎರಡು ಅಡಿಗೂ ಮೀರಿದ ನಾಗಸ್ವರವು ಕೈಗೆ ಬರುವ ಹೊತ್ತಿಗೆ ಉಸಿರು, ಲಯ, ಕಿವಿ ಮೂರೂ ಸಿದ್ಧವಾಗಿರುತ್ತಿದ್ದವು. ಬೆರಳುಗಳಿಗೆ ಮಾತ್ರ ಪಾಠ ಉಳಿದಿರುತ್ತಿತ್ತು. ಶ್ರುತಿ ಹಿಡಿಯುವ ಕೆಲಸವನ್ನು ಈಗ ಹಲವೆಡೆ ವಿದ್ಯುತ್ ಶ್ರುತಿಪೆಟ್ಟಿಗೆ ಮಾಡುತ್ತದೆ. ಆಳಿನ ಖರ್ಚು ಉಳಿದಿದೆ. ಹುಡುಗರ ಒಂದು ಪಾಠಶಾಲೆ ಮುಚ್ಚಿದೆ.

ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿಯೇ ತೋರಿಸಿದ ಮಕ್ಕಳು ಇಲ್ಲದಿಲ್ಲ. ತಿರುವಿಡೈಮರುದೂರಿನಲ್ಲಿ 1926ರಲ್ಲಿ ಜನಿಸಿದ ಟಿ. ಆರ್. ಮಹಾಲಿಂಗಂ ಏಳನೆಯ ವಯಸ್ಸಿನಲ್ಲಿಯೇ ಮದರಾಸಿನ ಮೈಲಾಪುರದಲ್ಲಿ ಕಚೇರಿ ಮಾಡಿ ಕೇಳಿದವರನ್ನು ಬೆರಗುಗೊಳಿಸಿದರು. ಸಂಗೀತಗಾರರ ಊರೆಂದು ಹೆಸರಾದ, ಹಾಸನ ಜಿಲ್ಲೆಯ ರುದ್ರಪಟ್ಟಣದಲ್ಲಿ 1978ರಲ್ಲಿ ಹುಟ್ಟಿದ ಶಶಾಂಕ್ ಸುಬ್ರಹ್ಮಣ್ಯಂ ಆರರ ಹೊತ್ತಿಗೆ ವೇದಿಕೆಯೇರಿದರು. ಸಿಕ್ಕಿಲ್ ಸಹೋದರಿಯರಲ್ಲಿ ಹಿರಿಯರಾದ ಕುಂಜುಮಣಿ ಒಂಬತ್ತನೆಯ ವಯಸ್ಸಿನಲ್ಲಿ, ಕಿರಿಯರಾದ ನೀಲಾ ಏಳನೆಯ ವಯಸ್ಸಿನಲ್ಲಿ ಕಚೇರಿಗಳನ್ನು ಆರಂಭಿಸಿದರು. ಊದುವ ವಾದ್ಯ ಹೆಣ್ಣುಮಕ್ಕಳಿಗೆ ತಕ್ಕದ್ದಲ್ಲವೆಂಬ ಭಾವನೆ ಬಲವಾಗಿದ್ದ ಕಾಲವದು. ನೀಲಾ ಅವರಿಗೆ ಕಲಿಸಿದವರು ಅಕ್ಕನೇ ಎಂಬುದು ಗಮನಿಸತಕ್ಕ ಸಂಗತಿ.

ಇಂಥ ಹೆಸರುಗಳನ್ನು ಕೇಳಿದ ತಂದೆತಾಯಿಗಳು ತಮ್ಮ ಮಗುವೂ ಏಳಕ್ಕೆ ವೇದಿಕೆಯೇರಬೇಕೆಂದು ಹಂಬಲಿಸುವುದು ಸಹಜ, ಅಪಾಯಕಾರಿಯೂ ಹೌದು. ಈ ಮಕ್ಕಳು ಕೊಳಲನ್ನು ಹಿಡಿಯುವ ಮೊದಲೇ ಅವರ ಮನೆಗಳಲ್ಲಿ ಸಂಗೀತ ತುಂಬಿತ್ತು. ಬಿಸ್ಮಿಲ್ಲಾ ಖಾನರಂಥ ಮಹಾನ್ ಶಹನಾಯಿ ವಾದಕರ ಬಾಲ್ಯವನ್ನು ನೋಡಿದರೆ ಅಲ್ಲಿ ಅವಸರ ಕಾಣುವುದಿಲ್ಲ. 1916ರಲ್ಲಿ ಬಿಹಾರದ ಡುಮರಾಂವ್‌ನಲ್ಲಿ ಹುಟ್ಟಿದ ಅವರು ಆರು ವರ್ಷದವರಿರುವಾಗ ವಾರಾಣಸಿಗೆ, ವಿಶ್ವನಾಥ ದೇವಾಲಯದಲ್ಲಿ ಶಹನಾಯಿ ನುಡಿಸುತ್ತಿದ್ದ ಸೋದರಮಾವ ಅಲಿ ಬಕ್ಷರ ಬಳಿಗೆ ಬಂದರು. ಅಲಹಾಬಾದಿನ ಸಂಗೀತ ಸಮ್ಮೇಳನಕ್ಕೆ ಮಾವನ ಜೊತೆಯಲ್ಲಿ ಹೋದಾಗ ಅವರಿಗೆ ಹದಿನಾಲ್ಕು. ನಡುವಿನ ಎಂಟು ವರ್ಷ ಅಭ್ಯಾಸಕ್ಕೇ ಮೀಸಲಾಗಿತ್ತು. ಎಳೆಯ ತುಟಿಯ ಸ್ನಾಯುಗಳು ಬೇಗ ದಣಿಯುತ್ತವೆ. ದಿನಕ್ಕೆ ಹತ್ತು ಹದಿನೈದು ನಿಮಿಷಗಳಂತೆ ಎರಡು ಬಾರಿ ನುಡಿಸುವ ಮಗು, ವಾರಕ್ಕೊಮ್ಮೆ ಎರಡು ಗಂಟೆ ಒತ್ತಾಯಕ್ಕೆ ಕೂರುವ ಮಗುವಿಗಿಂತ ಬೇಗ ಮುಂದುವರಿಯುತ್ತದೆ.

ಒಂದು ವಾದ್ಯದಲ್ಲಿ ಕಲಿತ ಉಸಿರು ಇನ್ನೊಂದಕ್ಕೂ ಬರುತ್ತದೆ ಎಂಬುದಕ್ಕೆ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಸಾಕ್ಷಿ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ತಂದೆ ತನಿಯಪ್ಪನವರಿಂದ ನಾಗಸ್ವರವನ್ನು ಕಲಿತರು. ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ದನಿಯನ್ನು ಕೇಳಿದ ಮೇಲೆ ಅವರ ಮನಸ್ಸು ಅದರತ್ತ ಹರಿಯಿತು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ರೂಪಿಸಿದ ಆ ಲೋಹವಾದ್ಯ ಕರ್ನಾಟಕ ಸಂಗೀತದ ಗಮಕಗಳಿಗಾಗಿ ಹುಟ್ಟಿದ್ದಲ್ಲ. ಅದನ್ನು ಪಳಗಿಸುವುದಕ್ಕೆ ಗೋಪಾಲನಾಥರಿಗೆ ಹಲವು ವರ್ಷಗಳೇ ಹಿಡಿದವು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವರು ನುಡಿಸಿದಾಗ ಸಭಿಕರು ಕೇಳಿದ್ದು ತಮಗೆ ಪರಿಚಿತವಾದ ವಾದ್ಯವನ್ನೇ. ಆದರೆ ಅದರೊಳಗೆ ಹರಿಯುತ್ತಿದ್ದುದು ನಾಗಸ್ವರದ ಮನೆಯಲ್ಲಿ ಬೆಳೆದ ಉಸಿರು. ಅವರು 2019ರಲ್ಲಿ ನಿಧನರಾದರು.

ಹಾಗಾದರೆ ಹಾಡಿಗೆ ನಾಲ್ಕೈದು ವರ್ಷ, ಗಿಡ್ಡ ಕೊಳಲಿಗೆ ಏಳೆಂಟು, ಪೀಪಿಯ ವಾದ್ಯಗಳಿಗೆ ಒಂಬತ್ತು ಹತ್ತು, ಉದ್ದನೆಯ ಬಾನ್ಸುರಿಗೆ ಹನ್ನೆರಡರ ಮೇಲೆ ಎಂದು ಸ್ಥೂಲವಾಗಿ ಹೇಳಬಹುದಾದರೂ, ಪಂಚಾಂಗ ನೋಡಿ ಮುಹೂರ್ತವಿಟ್ಟಂತೆ ಇದನ್ನು ಪಾಲಿಸಬೇಕಾಗಿಲ್ಲ. ಒಂದೇ ತರಗತಿಯ ಇಬ್ಬರು ಮಕ್ಕಳಲ್ಲಿ ಒಬ್ಬನ ಬೆರಳು ಉದ್ದ, ಇನ್ನೊಬ್ಬನ ಹಲ್ಲು ತಡ. ಅಂಗೈಯನ್ನು ಕೊಳಲಿನ ಮೇಲಿಟ್ಟು ನೋಡುವ ಗುರುವಿಗೆ ಜನ್ಮದಿನಾಂಕ ಬೇಕಾಗುವುದಿಲ್ಲ. ಮೇಲಾಗಿ, ಈ ಎಲ್ಲ ಅಂಕಿಗಳೂ ಇದಕ್ಕಿಂತ ಮೊದಲು ಬೇಡವೆಂದು ಹೇಳುತ್ತವೆಯೇ ಹೊರತು ಇದಾದ ಮೇಲೆ ಆಗದೆಂದು ಹೇಳುವುದಿಲ್ಲ. ಹದಿನಾಲ್ಕರ ಹುಡುಗನಿಗೋ ಹುಡುಗಿಗೋ ಹಲ್ಲು ಗಟ್ಟಿಯಾಗಿದೆ, ಕೈ ನೀಳವಾಗಿದೆ, ಎದೆ ಅಗಲವಾಗಿದೆ. ಏಳು ವರ್ಷದ ಮಗು ಆರು ತಿಂಗಳು ಒದ್ದಾಡುವ ಪಾಠವನ್ನು ಆ ವಯಸ್ಸಿನವರು ಕೆಲವೇ ವಾರಗಳಲ್ಲಿ ದಾಟುವುದುಂಟು.

ಹರಿಪ್ರಸಾದ್ ಚೌರಾಸಿಯಾ ಅವರು 1938ರಲ್ಲಿ ಅಲಹಾಬಾದಿನಲ್ಲಿ ಹುಟ್ಟಿದರು. ಅವರದು ಸಂಗೀತದ ಮನೆತನವಲ್ಲ. ತಂದೆ ಕುಸ್ತಿಯ ಪೈಲ್ವಾನರು. ಮಗನೂ ಪೈಲ್ವಾನನಾಗಬೇಕೆಂಬುದು ಅವರ ಆಸೆ. ಬಾಲಕನು ಗರಡಿಯಲ್ಲಿ ಸಾಮು ಮಾಡುತ್ತ ಬೆಳೆದನು. ಸಂಗೀತದ ಮೊದಲ ಪಾಠ ಆರಂಭವಾದದ್ದು ಹದಿನೈದರ ಸುಮಾರಿಗೆ, ನೆರೆಮನೆಯ ರಾಜಾರಾಮರಲ್ಲಿ, ಅದೂ ಹಾಡುಗಾರಿಕೆಯಿಂದ, ತಂದೆಗೆ ತಿಳಿಯದಂತೆ. ಅನಂತರ ಭೋಲಾನಾಥ ಪ್ರಸನ್ನರ ಕೊಳಲನ್ನು ಕೇಳಿ ಅವರ ಶಿಷ್ಯನಾದನು. 1957ರಲ್ಲಿ ಕಟಕ್ ಆಕಾಶವಾಣಿಯಲ್ಲಿ ಕೆಲಸ ದೊರೆಯಿತು. ಗರಡಿಯ ಸಾಮು ವ್ಯರ್ಥವಾಗಲಿಲ್ಲವೆಂದೂ, ಅಲ್ಲಿ ಗಳಿಸಿದ ದಮ್ಮು ಕೊಳಲಿಗೆ ಒದಗಿತೆಂದೂ ಅವರು ಮುಂದೆ ನೆನೆದಿದ್ದಾರೆ. ಮುಂಬಯಿಗೆ ಬಂದು, ಚಿತ್ರಸಂಗೀತದಲ್ಲಿ ಬೇಡಿಕೆಯ ವಾದಕರಾದ ಮೇಲೆಯೂ ಅವರಿಗೆ ತೃಪ್ತಿಯಾಗಲಿಲ್ಲ. ಅನ್ನಪೂರ್ಣಾದೇವಿಯವರ ಬಳಿಗೆ ಹೋಗಿ ಶಿಷ್ಯನಾಗಿ ಸ್ವೀಕರಿಸಬೇಕೆಂದು ಬೇಡಿಕೊಂಡರು. ಅವರು ಸುಲಭವಾಗಿ ಒಪ್ಪಲಿಲ್ಲ. ಒಪ್ಪಿದ ಮೇಲೆ, ಹಿಂದಿನದನ್ನೆಲ್ಲ ಬಿಟ್ಟು ಮೊದಲಿನಿಂದ ಕಲಿಯಲು ತಾನು ಸಿದ್ಧನೆಂಬುದನ್ನು ತೋರಿಸಲು, ಅಲ್ಲಿಯವರೆಗೆ ಬಲಕ್ಕೆ ಚಾಚಿ ಹಿಡಿಯುತ್ತಿದ್ದ ಕೊಳಲನ್ನು ಎಡಕ್ಕೆ ತಿರುಗಿಸಿದರು. ಬೆರಳುಗಳೆಲ್ಲ ಹೊಸದಾಗಿ ಅಭ್ಯಾಸ ಮಾಡಬೇಕಾಯಿತು. ಹೆಸರಾಂತ ವಾದಕರೊಬ್ಬರು ಜಾತ್ರೆಯಿಂದ ಕೊಳಲು ತಂದ ಮಗುವಿನಂತೆ ಷಡ್ಜವನ್ನು ಹುಡುಕುತ್ತ ಮತ್ತೊಮ್ಮೆ ಕುಳಿತರು.